ಕೈ ಜೋಮು ಹಿಡಿಯುತ್ತಿದೆ, ಹ್ಯಾಂಡಲ್ ಬದಲಾಯಿಸಬೇಕು. ಯಾವುದು ತೆಗೆದುಕೊಳ್ಳಲಿ?

ಕೆಂಗೇರಿ_ಸವಾರ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತಿದ್ದೇನೆ. ಕೆಂಗೇರಿಯಿಂದ ಜಯನಗರ, ಹೋಗಿ ಬರುವುದು ಸೇರಿ ಸುಮಾರು 26 ಕಿ.ಮೀ. ಹೈಬ್ರಿಡ್ ಸೈಕಲ್ (ರೋಡ್ ಸೈಕಲಿಗೂ ಮೌಂಟೇನ್ ಸೈಕಲಿಗೂ ನಡುವಿನದು), 35 ಮಿ.ಮೀ. ಅಗಲದ (700x35) ಟೈರು, ವಿ-ಬ್ರೇಕು (ಎರಡು ಉದ್ದ ತೋಳು ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಥರದ್ದು), ಕೋಲಿನ ಹಾಗೆ ನೇರ ಇರುವ ಫ್ಲ್ಯಾಟ್ ಹ್ಯಾಂಡಲ್.

ಮೊದಲ ಎರಡು ಮೂರು ತಿಂಗಳು ಏನೂ ತೊಂದರೆ ಇರಲಿಲ್ಲ. ಈಗ ನಾಯಂಡಹಳ್ಳಿ ಹತ್ತಿರ ಬರುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಕೈ ಕೊಡವಿದರೆ ಸರಿ ಹೋಗುತ್ತದೆ, ಐದು ನಿಮಿಷಕ್ಕೆ ಮತ್ತೆ ಅದೇ. ಕಳೆದ ವಾರ ಆಫೀಸಿನಲ್ಲಿ ಟೀ ಲೋಟ ಹಿಡಿದಾಗ ಬಿಸಿ ಇದೆ ಅಂತ ಆ ಎರಡು ಬೆರಳಿಗೆ ಗೊತ್ತೇ ಆಗಲಿಲ್ಲ. ಆಗ ನಿಜಕ್ಕೂ ಹೆದರಿಕೆ ಆಯಿತು.

ಅಂಗಡಿಯವರು ರೇಸ್ ಸೈಕಲಿನ ಹಾಗೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸಿ ಅಂದರು. ಇನ್ನೊಬ್ಬರು ಚಿಟ್ಟೆಯ ರೆಕ್ಕೆಯ ಆಕಾರಕ್ಕೆ ಸುತ್ತಿ ಬರುವ ಚಿಟ್ಟೆ ಹ್ಯಾಂಡಲ್ ಅಂದರು. ಮನೆಯಲ್ಲಿ ಸ್ಕೂಟರಿಗೇ ವಾಪಸ್ ಹೋಗು ಅನ್ನುತ್ತಿದ್ದಾರೆ. ನನಗೆ ಸೈಕಲ್ ಬಿಡಲು ಮನಸ್ಸಿಲ್ಲ. ಮೂರು ಸಾವಿರದ ಒಳಗೆ ಏನಾದರೂ ಮಾಡಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಬಿಜಾಪುರ_ಗಾಲಿ

ಡ್ರಾಪ್ ಹಾಕಿಸ್ರಿ ಸರ್, ಎರಡು ಮಾತೇ ಇಲ್ಲ. ನಮ್ಮ ಕಡೆ ಹುಡುಗರು ಶಾಲೆಗೆ ಹೋಗುವ ವಯಸ್ಸಿನಿಂದಲೇ ರೇಸ್ ಸೈಕಲ್ ಹೊಡೆಯುತ್ತಾರೆ, ಅದೇ ಹ್ಯಾಂಡಲ್ ಮೇಲೆ ದಿನಕ್ಕೆ ನೂರು ಕಿ.ಮೀ. ಮಾಡುತ್ತಾರೆ. ಕೈ ಇಡಲು ಮೂರು ಜಾಗ ಸಿಗುತ್ತದೆ. ಮೇಲಿನ ಅಡ್ಡ ಕೊಳವೆ, ಬ್ರೇಕ್ ಲಿವರಿನ ತಲೆ, ಕೆಳಗಿನ ಬಾಗು. ಒಂದು ಕಡೆ ನೋವು ಬಂದರೆ ಇನ್ನೊಂದು ಕಡೆ ಹಿಡಿಯುವುದು, ಅಷ್ಟೇ. ಫ್ಲ್ಯಾಟ್ ಹ್ಯಾಂಡಲಿನಲ್ಲಿ ಎಷ್ಟು ಹೊತ್ತಾದರೂ ಒಂದೇ ಹಿಡಿತ, ಹಾಗಾಗಿ ಜೋಮು ಹಿಡಿಯದೆ ಇನ್ನೇನಾಗುತ್ತದೆ?

ತುರಹಳ್ಳಿ_ಧೂಳು

ಬಿಜಾಪುರದ ಅಣ್ಣ ಹೇಳಿದ್ದು ರೇಸ್ ಸೈಕಲಿಗೆ ಸರಿ. ಆದರೆ ಕೆಂಗೇರಿಯವರ ಸೈಕಲಿಗೆ ಡ್ರಾಪ್ ಹಾಕುವುದು ಅಷ್ಟು ಸುಲಭ ಅಲ್ಲ. ನಾನೇ ಮಾಡಲು ಹೋಗಿ ಮಧ್ಯದಲ್ಲಿ ನಿಲ್ಲಿಸಿದ್ದೇನೆ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಕೊಳವೆಯ ದಪ್ಪ. ಫ್ಲ್ಯಾಟ್ ಹ್ಯಾಂಡಲಿನಲ್ಲಿ ನಾವು ಕೈಯಲ್ಲಿ ಹಿಡಿಯುವ ಭಾಗ 22.2 ಮಿ.ಮೀ. ಇರುತ್ತದೆ. ಡ್ರಾಪ್ ಹ್ಯಾಂಡಲಿನದು 23.8 ಮಿ.ಮೀ. ನೋಡುವುದಕ್ಕೆ ಒಂದೇ ಥರ ಕಾಣುತ್ತದೆ, ಆದರೆ ನಿಮ್ಮ ಈಗಿನ ಬ್ರೇಕ್ ಲಿವರ್, ಗೇರ್ ಲಿವರ್ ಯಾವುದೂ ಅದಕ್ಕೆ ಕೂರುವುದಿಲ್ಲ. ಹೊಸದು ಕೊಳ್ಳಬೇಕು.

ಎರಡನೆಯದು ಬ್ರೇಕು. ವಿ-ಬ್ರೇಕಿಗೆ ಕೇಬಲ್ ಜಾಸ್ತಿ ಎಳೆಯಬೇಕು. ಸಾಮಾನ್ಯ ರೋಡ್ ಲಿವರ್ ಅಷ್ಟು ಎಳೆಯುವುದಿಲ್ಲ. ಲಿವರ್ ಹ್ಯಾಂಡಲಿಗೆ ತಾಗುವ ತನಕ ಒತ್ತಿದರೂ ಸೈಕಲ್ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಬೇರೆ ಥರದ ಲಿವರ್ ಬೇಕು, ಇಲ್ಲವೇ ಮಧ್ಯೆ ಒಂದು ಅಡಾಪ್ಟರ್ ಹಾಕಬೇಕು. ಮೈಸೂರು ರಸ್ತೆಯ ಬಸ್ಸುಗಳ ನಡುವೆ ಅರ್ಧ ಬ್ರೇಕಿನಲ್ಲಿ ಹೋಗುವುದು ಬೇಡ ಸರ್.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಹೈಬ್ರಿಡ್ ಸೈಕಲಿನ ಫ್ರೇಮ್ ಫ್ಲ್ಯಾಟ್ ಹ್ಯಾಂಡಲಿಗೆ ಅಂತಲೇ ಸ್ವಲ್ಪ ಉದ್ದ ಮಾಡಿರುತ್ತಾರೆ. ಅದೇ ಫ್ರೇಮಿಗೆ ಡ್ರಾಪ್ ಹಾಕಿದರೆ ಲಿವರಿನ ತಲೆ ಇನ್ನೂ ಏಳೆಂಟು ಸೆಂ.ಮೀ. ಮುಂದೆ ಹೋಗುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ. ನೀವು ಇನ್ನೂ ಬಗ್ಗಬೇಕು, ಕೈ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಜೋಮು ಹೋಗಲಿ ಅಂತ ಖರ್ಚು ಮಾಡಿ ಜೋಮು ಹೆಚ್ಚಿಸಿಕೊಂಡ ಹಾಗೆ ಆಗುತ್ತದೆ.

ನನಗೆ ಹ್ಯಾಂಡಲ್ ಒಂದಕ್ಕೇ ದುಡ್ಡು ಹೋಗಿ, ಲಿವರಿನ ಬೆಲೆ ಕೇಳಿದ ದಿನ ಕೆಲಸ ನಿಂತಿತು. ಆ ಹ್ಯಾಂಡಲ್ ಇವತ್ತಿಗೂ ಅಟ್ಟದ ಮೇಲಿದೆ.

ಬಿಜಾಪುರ_ಗಾಲಿ

ವಿ-ಬ್ರೇಕ್ ಅಂತ ನಾನು ಗಮನಿಸಲಿಲ್ಲ ನೋಡ್ರಿ. ಹಾಗಿದ್ದರೆ ತುರಹಳ್ಳಿಯವರ ಮಾತು ಸರಿ. ಡ್ರಾಪ್ ಬೇಕು ಅಂದರೆ ಮೊದಲಿಂದಲೇ ಅದಕ್ಕೆ ಮಾಡಿದ ಸೈಕಲ್ ತಗೊಳ್ಳಬೇಕು.

ಫಿಸಿಯೋ_ಹುಬ್ಬಳ್ಳಿ

ನಾನು ಫಿಸಿಯೋಥೆರಪಿಸ್ಟ್. ಸೈಕಲ್ ಓಡಿಸುವವರು ಇದೇ ತೊಂದರೆ ಹೇಳಿಕೊಂಡು ಬರುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಕಿರುಬೆರಳು ಮತ್ತು ಉಂಗುರ ಬೆರಳು ಅಂದ ಕೂಡಲೇ ನಮಗೆ ನೆನಪಾಗುವುದು ಅಲ್ನಾರ್ ನರ. ಮೊಣಕೈ ಕಲ್ಲಿಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದೇ ನರ. ಅದು ಕೆಳಗೆ ಬಂದು ಅಂಗೈಯ ಹೊರಬದಿಯಲ್ಲಿ, ಕಿರುಬೆರಳಿನ ಕಡೆ, ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಸಂದಿನಲ್ಲಿ ಹಾದು ಹೋಗುತ್ತದೆ. ಗಯಾನ್ಸ್ ಕೆನಾಲ್ ಅನ್ನುತ್ತೇವೆ. ಅಲ್ಲಿ ನರಕ್ಕೆ ಮೇಲೆ ರಕ್ಷಣೆ ಕಡಿಮೆ. ಹ್ಯಾಂಡಲ್ ಸರಿಯಾಗಿ ಅದೇ ಜಾಗದಲ್ಲಿ ಒತ್ತುತ್ತದೆ. ಅದರ ಜೊತೆ ಮಣಿಕಟ್ಟು ಹಿಂದಕ್ಕೆ ಮಡಿಚಿದ್ದರೆ ನರ ಇನ್ನೂ ಎಳೆದ ಹಾಗೆ ಆಗುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಅದು ಬೇರೆ ನರ, ಮೀಡಿಯನ್ ನರ. ಯಾವ ಬೆರಳು ಅನ್ನುವುದು ಮುಖ್ಯ, ಅದನ್ನು ನೀವು ಸರಿಯಾಗಿ ಬರೆದಿದ್ದೀರಿ.

ಸೈಕಲ್ ಇಳಿದು ಸ್ವಲ್ಪ ಹೊತ್ತಿಗೆ ಸರಿ ಹೋಗುವ ಜೋಮು ಒಂದು ಎಚ್ಚರಿಕೆ ಅಷ್ಟೇ. ಆದರೆ ನೀವು ಆಫೀಸಿನಲ್ಲಿ ಟೀ ಲೋಟದ ಬಿಸಿ ಗೊತ್ತಾಗಲಿಲ್ಲ ಅಂದಿರಿ. ಅದನ್ನು ಸುಮ್ನೆ ಬಿಡಬೇಡಿ. ಒಂದು ವಾರ ಸೈಕಲ್ ನಿಲ್ಲಿಸಿ. ಆಮೇಲೂ ಇದ್ದರೆ, ಅಥವಾ ಬಾಟಲಿ ಮುಚ್ಚಳ ತಿರುಗಿಸಲು, ಅಂಗಿ ಗುಂಡಿ ಹಾಕಲು ಕೈಯಲ್ಲಿ ಬಲ ಕಡಿಮೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ.

ಇನ್ನು ಹ್ಯಾಂಡಲ್ ವಿಷಯ. ಅದನ್ನು ಕೊಳ್ಳುವ ಮೊದಲು ನಿಮ್ಮ ಸೀಟು ನೋಡಿ. ಕೈ ನೋವಿಗೆ ಸೀಟು ಕಾರಣ ಅಂದರೆ ಜನ ನಂಬುವುದಿಲ್ಲ, ಆದರೆ ನಾನು ನೋಡಿದವರಲ್ಲಿ ಬಹಳ ಜನಕ್ಕೆ ಅಲ್ಲೇ ಇತ್ತು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ದೇಹ ಮುಂದೆ ಜಾರುತ್ತಲೇ ಇರುತ್ತದೆ. ಆ ಜಾರುವುದನ್ನು ತಡೆಯುವುದು ನಿಮ್ಮ ಅಂಗೈ. ಸೀಟು ತೀರ ಮುಂದಿದ್ದರೂ ಹಾಗೇ. ಒಂದು ಪರೀಕ್ಷೆ ಮಾಡಿ. ಸೈಕಲನ್ನು ಗೋಡೆಗೆ ಒರಗಿಸಿ ಕೂತು, ಯಾರಾದರೂ ಹಿಡಿದುಕೊಂಡಿರಲಿ, ಓಡಿಸುವಾಗ ಎಷ್ಟು ಬಗ್ಗುತ್ತೀರೋ ಅಷ್ಟೇ ಬಗ್ಗಿ ಎರಡೂ ಕೈ ಹ್ಯಾಂಡಲಿನಿಂದ ಒಂದು ಇಂಚು ಮೇಲೆ ಎತ್ತಿ. ದಡಕ್ಕನೆ ಮುಂದೆ ಬೀಳುವ ಹಾಗಾದರೆ ಭಾರವೆಲ್ಲ ಕೈ ಮೇಲಿದೆ ಅಂತ ಅರ್ಥ.

ಕೆಂಗೇರಿ_ಸವಾರ

ತುಂಬಾ ಥ್ಯಾಂಕ್ಸ್ ಮೇಡಂ. ಈಗಷ್ಟೇ ಕೆಳಗೆ ಹೋಗಿ ನೋಡಿ ಬಂದೆ. ಮೊಬೈಲಿನಲ್ಲಿ ಮಟ್ಟ ನೋಡುವ ಆ್ಯಪ್ ಇದೆ, ಸೀಟಿನ ಮೇಲೆ ಒಂದು ಪುಸ್ತಕ ಇಟ್ಟು ಅದರ ಮೇಲೆ ಮೊಬೈಲ್ ಇಟ್ಟೆ. ಮೂತಿ 5 ಡಿಗ್ರಿ ಕೆಳಗಿದೆ! ಕೈ ಎತ್ತಿದ ಕೂಡಲೇ ಮುಂದೆ ಬಿದ್ದೆ, ತಮ್ಮ ಹಿಡಿದುಕೊಂಡ. ಸೀಟು ಮಟ್ಟ ಮಾಡಿ, 1 ಸೆಂ.ಮೀ. ಹಿಂದೆ ತಳ್ಳಿದ್ದೇನೆ. ಒಂದು ವಾರ ಬಸ್ಸಿನಲ್ಲಿ ಹೋಗುತ್ತೇನೆ.

ಫಿಸಿಯೋ_ಹುಬ್ಬಳ್ಳಿ

ಒಳ್ಳೆಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣ ಆಯಿತು ಅಂತ ಗೊತ್ತಾಗುವುದಿಲ್ಲ.

ಹಳೇ_ಹರ್ಕ್ಯುಲಿಸ್

ನನಗೆ 67 ವರ್ಷ. ಇಷ್ಟೊಂದು ಥರದ ಹ್ಯಾಂಡಲ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದಲ್ಲಿ ಹರ್ಕ್ಯುಲಿಸ್, ಅಟ್ಲಾಸ್, ಹೀರೋ, ರಾಲಿ ಯಾವುದೇ ತಗೊಳ್ಳಿ, ಹ್ಯಾಂಡಲ್ ಒಂದೇ ಥರ. ಎರಡೂ ತುದಿ ಹಿಂದಕ್ಕೆ ಬಾಗಿ ನಮ್ಮ ಕಡೆಗೇ ಬರುತ್ತಿತ್ತು, ಎತ್ತಿನ ಕೊಂಬನ್ನು ಹಿಂದಕ್ಕೆ ತಿರುಗಿಸಿ ಇಟ್ಟ ಹಾಗೆ. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಓಡಿಸುತ್ತಿದ್ದೆವು. ನಮ್ಮ ತಂದೆ ಮೇಷ್ಟ್ರು. ತಿಪಟೂರಿನ ಹತ್ತಿರದ ಹಳ್ಳಿಯಿಂದ ದಿನಾ 9 ಮೈಲಿ ಹೋಗುತ್ತಿದ್ದರು, 9 ಮೈಲಿ ಬರುತ್ತಿದ್ದರು. ಹ್ಯಾಂಡಲಿಗೆ ಒಂದು ಕಡೆ ಊಟದ ಡಬ್ಬಿ, ಇನ್ನೊಂದು ಕಡೆ ಕೊಡೆ. ಕಾಲು ನೋವು ಅಂದದ್ದು ಕೇಳಿದ್ದೇನೆ, ಕೈ ಜೋಮು ಅಂದದ್ದು ಒಂದು ದಿನವೂ ಕೇಳಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆ ಹ್ಯಾಂಡಲನ್ನೇ ಈಗಿನ ಸೈಕಲಿಗೆ ಯಾಕೆ ಹಾಕಬಾರದು?

ತುರಹಳ್ಳಿ_ಧೂಳು

ಸರ್, ಆಕಾರ ಅದೇ ಇರಬಹುದು, ಆದರೆ ಹಳೇ ಸೈಕಲಿನ ಹ್ಯಾಂಡಲನ್ನೇ ಕಿತ್ತು ಹಾಕಲು ಬರುವುದಿಲ್ಲ. ಅದರಲ್ಲಿ ಬ್ರೇಕಿಗೆ ಕೇಬಲ್ ಇಲ್ಲ, ಕಬ್ಬಿಣದ ಕಡ್ಡಿ ಇದೆ. ಲಿವರ್ ಹ್ಯಾಂಡಲಿನ ಕೆಳಗೇ ಉದ್ದಕ್ಕೂ ಬಂದು, ಕಡ್ಡಿ ಕೆಳಗೆ ಇಳಿದು ಬ್ರೇಕಿನ ರಬ್ಬರನ್ನು ರಿಮ್ಮಿನ ಒಳಬದಿಗೆ ಎಳೆದು ಒತ್ತುತ್ತದೆ. ಜೊತೆಗೆ ಹ್ಯಾಂಡಲಿನ ನಡುವಿನ ಕಂಬವೂ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವಲಿನ) ಕೊಳವೆಯ ಒಳಗೆ ಇಳಿಯುವ ಥರದ್ದು. ಈಗಿನ ಸೈಕಲಿನಲ್ಲಿ ಫೋರ್ಕಿನ ಕೊಳವೆಯೇ ಮೇಲೆ ಬಂದಿರುತ್ತದೆ, ಅದನ್ನು ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಅನ್ನುವ ತುಂಡು ಹೊರಗಿನಿಂದ ಕಚ್ಚಿಕೊಳ್ಳುತ್ತದೆ. ಎರಡೂ ಬೇರೆ ಬೇರೆ ಲೆಕ್ಕ.

ಆದರೆ ನೀವು ಹೇಳಿದ ಆಕಾರದ ಹ್ಯಾಂಡಲ್ ಬಿಡಿಯಾಗಿ ಸಿಗುತ್ತದೆ. ನಾರ್ತ್ ರೋಡ್ ಹ್ಯಾಂಡಲ್ ಅಂತ ಹೆಸರು. ಹಿಡಿಯುವ ಭಾಗ 22.2 ಮಿ.ಮೀ.ಯದ್ದೇ ನೋಡಿ ತಗೊಂಡರೆ ಫ್ಲ್ಯಾಟ್ ಹ್ಯಾಂಡಲಿನ ಲಿವರ್, ಗೇರು, ಗ್ರಿಪ್ಪು ಎಲ್ಲಾ ಅದಕ್ಕೆ ಕೂರುತ್ತದೆ.

ಯೂಟ್ರೆಕ್ಟ್_ಕನ್ನಡತಿ

ಹಿರಿಯರು ಸರಿಯಾದ ಜಾಗಕ್ಕೇ ಕೈ ಹಾಕಿದರು! ನಾನು ನೆದರ್‌ಲ್ಯಾಂಡ್ಸಿನಲ್ಲಿ ಆರು ವರ್ಷದಿಂದ ಇದ್ದೇನೆ. ಇಲ್ಲಿ ಮಗುವನ್ನು ಶಾಲೆಗೆ ಬಿಡುವುದು, ತರಕಾರಿ ತರುವುದು, ಸ್ಟೇಷನ್ನಿಗೆ ಹೋಗುವುದು ಎಲ್ಲಾ ಸೈಕಲಿನಲ್ಲೇ. ನನ್ನದು ಓಮಾಫೀಟ್ಸ್, ಅಂದರೆ ಅಜ್ಜಿ ಸೈಕಲ್. ಹ್ಯಾಂಡಲ್ ನಮ್ಮ ಊರಿನ ಹಳೇ ಸೈಕಲಿನ ಥರವೇ ಹಿಂದಕ್ಕೆ ಬಂದಿರುತ್ತದೆ, ಎತ್ತರವೂ ಜಾಸ್ತಿ.

ಯಾಕೆ ಆರಾಮ ಅಂತ ಒಂದು ನಿಮಿಷದಲ್ಲಿ ಗೊತ್ತು ಮಾಡಿಕೊಳ್ಳಬಹುದು. ಎದ್ದು ನಿಂತು ಎರಡೂ ಕೈಯಲ್ಲಿ ಒಂದೊಂದು ಪೆನ್ಸಿಲ್ ಮುಷ್ಟಿಯಲ್ಲಿ ಹಿಡಿಯಿರಿ. ಕೈ ಸಡಿಲ ಬಿಟ್ಟು, ಹಾಗೇ ಸೈಕಲ್ ಹಿಡಿಯುವ ಹಾಗೆ ಮುಂದೆ ಎತ್ತಿ. ಪೆನ್ಸಿಲ್ ಎರಡೂ ಒಂದೇ ಗೆರೆಯಲ್ಲಿ ಅಡ್ಡಕ್ಕೆ ಇರುವುದಿಲ್ಲ. ಹೊರಗಿನ ತುದಿ ನಿಮ್ಮ ಕಡೆಗೆ ವಾಲಿರುತ್ತದೆ. ಮಣಿಕಟ್ಟು ತಿರುಚದೆ ಇರುವ ಕೋನ ಅದೇ. ಫ್ಲ್ಯಾಟ್ ಹ್ಯಾಂಡಲಿನಲ್ಲಿ ಈ ವಾಲು 5ರಿಂದ 9 ಡಿಗ್ರಿ ಮಾತ್ರ ಇರುತ್ತದೆ. ಹಾಗಾಗಿ ಕಿರುಬೆರಳಿನ ಕಡೆಗೇ ಒತ್ತು ಬೀಳುತ್ತದೆ.

ಆದರೆ ಇಲ್ಲಿನ ಸೈಕಲ್ ಚೆನ್ನಾಗಿದೆ ಅಂತ ಕಣ್ಣು ಮುಚ್ಚಿ ಅದನ್ನೇ ಮಾಡಬೇಡಿ. ಇಲ್ಲಿ ನೆಲ ಚಪ್ಪಟೆ, ನಾನು ಒಂದು ಸಲಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಹೋಗುವುದು. ಪೂರ್ತಿ ನೆಟ್ಟಗೆ ಕೂತರೆ ಭಾರವೆಲ್ಲ ಕುಂಡೆಗೆ ಹೋಗುತ್ತದೆ, ಅಗಲದ ಸೀಟು ಬೇಕು. ಗುಂಡಿ ಬಂದರೆ ಬೆನ್ನುಮೂಳೆಗೇ ಹೊಡೆತ. ಎದುರು ಗಾಳಿ ಇದ್ದ ದಿನ ಎದೆಯೇ ಹಾಯಿಪಟ ಆಗಿಬಿಡುತ್ತದೆ. 13 ಕಿ.ಮೀ. ದಾರಿಗೆ, ಏರು ಇಳಿವು ಇರುವ ಊರಿಗೆ, ಫ್ಲ್ಯಾಟಿಗೂ ಇದಕ್ಕೂ ನಡುವಿನ ಹ್ಯಾಂಡಲ್ ಸಾಕು ಅಂತ ನನ್ನ ಅನಿಸಿಕೆ. 25ರಿಂದ 40 ಡಿಗ್ರಿ ಹಿಂದಕ್ಕೆ ವಾಲಿರುವುದು.

ಹಳೇ_ಹರ್ಕ್ಯುಲಿಸ್

ಪೆನ್ಸಿಲ್ ಹಿಡಿದು ನೋಡಿದೆ ತಾಯಿ. ಮೊಮ್ಮಗನಿಗೂ ಹಿಡಿಸಿದೆ. ನೀವು ಹೇಳಿದ ಹಾಗೇ ಇದೆ.

ಮೈಸೂರು_ಇಳಿಜಾರು

ಏರು ಇರುವ ಕಡೆ ಬಾರ್ ಎಂಡ್ ಯಾಕೆ ಯಾರೂ ಹೇಳಲಿಲ್ಲ? ಫ್ಲ್ಯಾಟ್ ಹ್ಯಾಂಡಲಿನ ಎರಡು ತುದಿಗೆ ಕೊಂಬಿನ ಥರ ಸಿಕ್ಕಿಸುವುದು. ನಾನು ಚಾಮುಂಡಿ ಬೆಟ್ಟ ಹತ್ತುವಾಗ ಅದನ್ನೇ ಹಿಡಿಯುತ್ತೇನೆ. ಅಂಗೈ ಒಳಮುಖ ಆಗುತ್ತದೆ, ಮಣಿಕಟ್ಟು ನೇರ ಇರುತ್ತದೆ. ಬೇರೆ ಏನೂ ಬದಲಾಯಿಸಬೇಕಿಲ್ಲ, ಒಂದು ಅಲೆನ್ ಕೀ ಸಾಕು. ಹೊಸ ಹ್ಯಾಂಡಲಿಗಿಂತ ತುಂಬಾ ಅಗ್ಗ. ಒಂದೇ ತೊಂದರೆ, ಅದನ್ನು ಹಿಡಿದಾಗ ಬೆರಳು ಬ್ರೇಕಿನ ಹತ್ತಿರ ಇರುವುದಿಲ್ಲ. ಟ್ರಾಫಿಕ್ಕಿನಲ್ಲಿ ಹಿಡಿಯಬೇಡಿ, ಖಾಲಿ ರಸ್ತೆಯಲ್ಲಿ ಮಾತ್ರ.

ಶಿವಮೊಗ್ಗ_ಪೆಡಲ್

ನಾನು 5 ಅಡಿ 1 ಇಂಚು. ಹೆಂಗಸರಿಗೆ, ಸಣ್ಣ ಕೈ ಇರುವವರಿಗೆ ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ, ನಾನೇ ಎರಡು ವರ್ಷ ಭುಜ ನೋವು ತಿಂದು ಕಲಿತದ್ದು.

ಅಗಲ. ನನ್ನ ಸೈಕಲಿಗೆ ಬಂದದ್ದು 680 ಮಿ.ಮೀ. ಹ್ಯಾಂಡಲ್. ನನ್ನ ಭುಜಕ್ಕೆ ಅದು ತುಂಬಾ ಅಗಲ. ಕೈ ಎರಡೂ ಹೊರಕ್ಕೆ ಚಾಚಿ, ಕುತ್ತಿಗೆಯ ಬುಡದಲ್ಲಿ ಸಂಜೆ ಹೊತ್ತಿಗೆ ಉರಿ. ಕತ್ತರಿಸಬಹುದು ಅಂತ ಗೊತ್ತಾದ ಮೇಲೆ ಮೊದಲು ಗ್ರಿಪ್ಪು, ಲಿವರು ಎಲ್ಲಾ ಸಡಿಲ ಮಾಡಿ 2 ಸೆಂ.ಮೀ. ಒಳಗೆ ಸರಿಸಿ, ಕೊಳವೆಯ ತುದಿ ಹೊರಗೆ ಬಿಟ್ಟುಕೊಂಡೇ ಮನೆಯ ಮುಂದಿನ ಬೀದಿಯಲ್ಲಿ ನಾಲ್ಕು ದಿನ ಓಡಿಸಿದೆ. ಹಿತ ಅನ್ನಿಸಿದ ಮೇಲೆ ಮಾತ್ರ ಕತ್ತರಿಸಿದ್ದು. ಒಂದು ಸಲ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ. ಪೈಪ್ ಕಟರ್ ಇದ್ದರೆ ನೀಟಾಗಿ ಬರುತ್ತದೆ, ಗರಗಸದಲ್ಲಿ ಮಾಡಿದರೆ ಅರದಿಂದ ಅಂಚು ಉಜ್ಜಿ. ತುದಿಗೆ ಮುಚ್ಚಳ ಹಾಕುವುದು ಮರೆಯಬೇಡಿ. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಚುಚ್ಚಿದರೆ ಅನಾಹುತ.

ಇನ್ನೊಂದು ಬ್ರೇಕ್ ಲಿವರ್. ನನ್ನ ಬೆರಳು ಅದಕ್ಕೆ ಎಟುಕುತ್ತಿರಲಿಲ್ಲ, ಹಾಗಾಗಿ ಅಂಗೈಯನ್ನೇ ಮುಂದೆ ಸರಿಸಿ ಹಿಡಿಯುತ್ತಿದ್ದೆ. ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹತ್ತಿರ ಬರುತ್ತದೆ! ಎರಡು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ಲಿವರಿನ ಕೋನವೂ ನೋಡಿ. ನೆಲಕ್ಕೆ ಸಮ ಇದ್ದರೆ ಬ್ರೇಕ್ ಮೇಲೆ ಬೆರಳಿಟ್ಟಾಗ ಮಣಿಕಟ್ಟು ಮಡಿಚುತ್ತದೆ. ಸೀಟಿನ ಮೇಲೆ ಕೂತು ತೋಳಿಗೆ ನೇರವಾಗಿ ಬೆರಳು ಚಾಚಿ, ಆ ಗೆರೆಯಲ್ಲೇ ಲಿವರ್ ಬರಬೇಕು. ಸ್ವಲ್ಪ ಕೆಳಮುಖ ಆಗುತ್ತದೆ.

ಫಿಸಿಯೋ_ಹುಬ್ಬಳ್ಳಿ

ಶಿವಮೊಗ್ಗದವರು ಹೇಳಿದ ಲಿವರ್ ಕೋನ ಬಹಳ ಮುಖ್ಯ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ.

ಮಂಗಳೂರು_ಮಳೆ

ಹ್ಯಾಂಡಲ್ ಬದಲಾಯಿಸುವ ಮುಂಚೆ ಗ್ರಿಪ್ ಬದಲಾಯಿಸಿ ನೋಡಿ ಮಾರಾಯ್ರೆ. ಕೈ ಇಡುವ ಕಡೆ ಅಗಲಕ್ಕೆ ರೆಕ್ಕೆಯ ಹಾಗೆ ಬಿಟ್ಟಿರುವ ಗ್ರಿಪ್ ಇದೆ. ಜರ್ಮನಿಯ ಎರ್ಗಾನ್ ಕಂಪನಿಯದ್ದು ಹೆಸರುವಾಸಿ, ಅದೇ ಆಕಾರದ್ದು ಕಡಿಮೆ ಬೆಲೆಗೂ ಸಿಗುತ್ತದೆ. ಭಾರ ಒಂದೇ ಗೆರೆಯಲ್ಲಿ ಬೀಳುವ ಬದಲು ಇಡೀ ಅಂಗೈಗೆ ಹರಡುತ್ತದೆ. ಆದರೆ ಆ ರೆಕ್ಕೆಯ ಕೋನ ಸರಿ ಇಡಬೇಕು. ಮೇಲಕ್ಕೆ ಜಾಸ್ತಿ ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಮಡಿಚಿ ಇನ್ನೂ ನೋವು. ನಾನು ಮೊದಲ ವಾರ ಹಾಗೇ ಇಟ್ಟುಕೊಂಡಿದ್ದೆ.

ಬೋಲ್ಟ್ ಇರುವ ಲಾಕ್ ಗ್ರಿಪ್ಪೇ ತಗೊಳ್ಳಿ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮಳೆ. ಸುಮ್ನೆ ತೂರಿಸುವ ಗ್ರಿಪ್ ನೀರು ಒಳಗೆ ಹೋಗಿ ತಿರುಗಲು ಶುರು ಆಗುತ್ತದೆ, ಬೈಕಿನ ಎಕ್ಸಲರೇಟರ್ ಥರ. ತುಂಬಾ ದಪ್ಪ ಸ್ಪಂಜಿನದೂ ಬೇಡ. ಮೆತ್ತಗೆ ಇದೆ ಅಂತ ಖುಷಿ ಆಗುತ್ತದೆ, ಆದರೆ ಹಿಡಿದುಕೊಳ್ಳಲು ಜಾಸ್ತಿ ಬಿಗಿ ಹಿಡಿಯಬೇಕಾಗುತ್ತದೆ, ಮಳೆಯಲ್ಲಿ ನೀರೂ ಕುಡಿಯುತ್ತದೆ.

600_ಕಿಮೀ_ಕನಸು

ನಾನು ಬ್ರೆವೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ ಮಾಡುತ್ತೇನೆ. 200 ಕಿ.ಮೀ. ಅನ್ನು ಹದಿಮೂರೂವರೆ ಗಂಟೆಯ ಒಳಗೆ, 300 ಅನ್ನು 20 ಗಂಟೆಯ ಒಳಗೆ, 400 ಅನ್ನು 27 ಗಂಟೆಯ ಒಳಗೆ ಮುಗಿಸಬೇಕು. ನನ್ನ ಮೊದಲ 400 ಆದ ಮೇಲೆ ಎರಡು ವಾರ ಎಡಗೈಯ ಕಿರುಬೆರಳು ಸತ್ತ ಹಾಗೆ ಇತ್ತು. ಚಪಾತಿ ಹರಿಯಲು ಕಷ್ಟ ಆಯಿತು. ಡ್ರಾಪ್ ಹ್ಯಾಂಡಲ್ ಇದ್ದೂ ಹೀಗಾಯಿತು, ಅದನ್ನು ಗಮನಿಸಿ. ಮೂರು ಹಿಡಿತ ಇದ್ದರೆ ಸಾಲದು, ಮೂರನ್ನೂ ಬಳಸಬೇಕು. ನಾನು ದಣಿದ ಮೇಲೆ ಒಂದೇ ಕಡೆ ಕೈ ಊರಿ ಮಲಗಿದ ಹಾಗೆ ಹೋಗುತ್ತಿದ್ದೆ. ಈಗ ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಾಯಿಸುತ್ತೇನೆ, ಮೊಣಕೈ ಸ್ವಲ್ಪ ಮಡಿಚಿ ಇಡುತ್ತೇನೆ. ಮೊಣಕೈ ಬಿಗಿಯಾಗಿ ನೆಟ್ಟಗಿದ್ದರೆ ರಸ್ತೆಯ ಪ್ರತಿ ಹೊಡೆತ ನೇರ ಅಂಗೈಗೆ, ಅಲ್ಲಿಂದ ಕುತ್ತಿಗೆಗೆ.

ಇನ್ನೊಂದು, ಟೈರಿನ ಗಾಳಿ. ಕೆಂಗೇರಿಯವರೇ, 35 ಟೈರಿಗೆ ಎಷ್ಟು ಹಾಕುತ್ತೀರಿ?

ಕೆಂಗೇರಿ_ಸವಾರ

ಪೆಟ್ರೋಲ್ ಬಂಕಿನಲ್ಲಿ 80 ಪಿ.ಎಸ್.ಐ. ಹಾಕಿಸುತ್ತಿದ್ದೆ. ಗಟ್ಟಿ ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ.

600_ಕಿಮೀ_ಕನಸು

ನಿಮ್ಮ ತೂಕ 70ರ ಆಸುಪಾಸು ಇದ್ದರೆ 55 ಸಾಕು. ಟೈರಿನ ಬದಿಯಲ್ಲಿ ಕನಿಷ್ಠ, ಗರಿಷ್ಠ ಬರೆದಿರುತ್ತದೆ, ಅದರ ಒಳಗೇ ಇರಲಿ. ಮುಂದಿನ ಟೈರಿಗೆ ಇನ್ನೂ ಸ್ವಲ್ಪ ಕಡಿಮೆ. ನಮ್ಮ ರಸ್ತೆಯ ಕಂಪನಕ್ಕೆ ಅದೇ ಮೊದಲ ಔಷಧಿ.

ಕೋಲಾರ_ಚಿನ್ನ

ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಹ್ಯಾಂಡಲ್ ಬಿದ್ದಾಗ ಬೆಂಡಾಗಿತ್ತು. ಅಂಗಡಿಯಲ್ಲಿ ಪೈಪ್ ತೂರಿಸಿ ಬಗ್ಗಿಸಿ ನೆಟ್ಟಗೆ ಮಾಡಿಕೊಟ್ಟರು. ನೋಡಲು ಚೆನ್ನಾಗೇ ಇತ್ತು. ಮೂರು ತಿಂಗಳಾದ ಮೇಲೆ ಒಂದು ಹಂಪ್ ಹಾರಿದಾಗ ಸ್ಟೆಮ್ಮಿನ ಪಕ್ಕದಲ್ಲೇ ಕಟ್ ಎಂದು ಮುರಿಯಿತು. ನಾಲ್ಕು ಹೊಲಿಗೆ ಬಿತ್ತು, ಹಿಂದೆ ಲಾರಿ ಇರಲಿಲ್ಲ ಅನ್ನುವುದೇ ಪುಣ್ಯ. ಹಳೇ ಉಕ್ಕಿನ ಹ್ಯಾಂಡಲ್ ಬಗ್ಗಿಸಿದರೂ ತಡೆಯುತ್ತಿತ್ತು. ಅಲ್ಯೂಮಿನಿಯಂ ಹಾಗಲ್ಲ. ಒಮ್ಮೆ ಬಗ್ಗಿದರೆ ಒಳಗೆ ಬಿರುಕು ಶುರು ಆಗಿರಬಹುದು. ಅದನ್ನು ಎಸೆಯಿರಿ. ಎರಡನೇ ಕೈ ಹ್ಯಾಂಡಲ್ ಕೊಳ್ಳುವವರು ಸ್ಟೆಮ್ ಕಚ್ಚುವ ಜಾಗದಲ್ಲಿ ಗೆರೆ, ಗೀರು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಕೆಂಗೇರಿ_ಸವಾರ

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಮೊದಲ ವಾರ ಬಸ್ಸು. ಬೆರಳಿಗೆ ಸ್ಪರ್ಶ ಪೂರ್ತಿ ವಾಪಸ್ ಬಂತು. ಆದರೂ ಡಾಕ್ಟರಿಗೆ ತೋರಿಸಿದೆ, ಬಲ ಸರಿ ಇದೆ, ಒತ್ತಡ ಬೀಳದ ಹಾಗೆ ನೋಡಿಕೊಳ್ಳಿ ಅಂದರು. ಎರಡನೇ ವಾರ ಸೀಟು ಮಟ್ಟ, ಗಾಳಿ 55, ಅಷ್ಟರಲ್ಲೇ ಓಡಿಸಿದೆ. ನಾಯಂಡಹಳ್ಳಿಗೆ ಬರುತ್ತಿದ್ದ ಜೋಮು ಬನಶಂಕರಿ ದಾಟುವ ತನಕ ಬರಲಿಲ್ಲ. ಮೂರನೇ ವಾರ ಲಿವರ್ ಕೆಳಕ್ಕೆ ತಿರುಗಿಸಿದೆ. ಇನ್ನೂ ಕಡಿಮೆ ಆಯಿತು. ಆದರೆ ಪೂರ್ತಿ ಹೋಗಿಲ್ಲ. ವಾಪಸ್ ಬರುವಾಗ, ದಣಿದಿರುವಾಗ ಇನ್ನೂ ಸ್ವಲ್ಪ ಬರುತ್ತದೆ. ಪೆನ್ಸಿಲ್ ಪರೀಕ್ಷೆಯಲ್ಲಿ ನನ್ನ ಕೈ ಸುಮಾರು 30 ಡಿಗ್ರಿ ವಾಲುತ್ತದೆ. ಹಾಗಾಗಿ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿಸಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಕೊಳ್ಳುವಾಗ ಏನು ನೋಡಲಿ?

ತುರಹಳ್ಳಿ_ಧೂಳು

ಮೊದಲು ಸ್ಟೆಮ್ ಕಚ್ಚುವ ಜಾಗದ ಅಳತೆ. ನಿಮ್ಮ ಹ್ಯಾಂಡಲಿನ ನಡುವೆ 31.8 ಅಥವಾ 25.4 (ಮಿ.ಮೀ.) ಅಂತ ಬರೆದಿರಬಹುದು, ಇಲ್ಲದಿದ್ದರೆ ಕ್ಯಾಲಿಪರ್ ಹಿಡಿಸಿ. 31.8ರ ಸ್ಟೆಮ್ಮಿಗೆ 25.4ರ ಹ್ಯಾಂಡಲ್ ಹಾಕಬೇಕಾದರೆ ಅದಕ್ಕೆಂದೇ ಬರುವ ಶಿಮ್, ಅಂದರೆ ಸಂದು ತುಂಬುವ ತೆಳು ಬಳೆ ಬಳಸಿ. ಡಬ್ಬಿ ತಗಡು ಕತ್ತರಿಸಿ ತುರುಕುವವರಿದ್ದಾರೆ, ಖಂಡಿತ ಬೇಡ.

ಎರಡನೆಯದು ಬಾಗು ಮುಗಿದ ಮೇಲೆ ಉಳಿಯುವ ನೇರ ಭಾಗ. ಗ್ರಿಪ್, ಬ್ರೇಕ್, ಗೇರ್ ಮೂರೂ ಅಲ್ಲೇ ಕೂರಬೇಕು. ನಿಮ್ಮ ಸೈಕಲಿನಲ್ಲಿ ಈಗ ಅವು ಎಷ್ಟು ಜಾಗ ತಿಂದಿವೆ ಅಂತ ಟೇಪಿನಲ್ಲಿ ಅಳೆದುಕೊಂಡು ಹೋಗಿ. ಕಡಿಮೆ ಬಿದ್ದರೆ ಗ್ರಿಪ್ ಕತ್ತರಿಸಬೇಕಾಗುತ್ತದೆ.

ಮೂರನೆಯದು ಕೈ ಎಷ್ಟು ಹಿಂದೆ ಬರುತ್ತದೆ ಅನ್ನುವುದು. ಹಿಂದಕ್ಕೆ ಬಾಗಿದ ಹ್ಯಾಂಡಲ್ ಕೈಯನ್ನು ಕೆಲವೊಮ್ಮೆ ಹತ್ತು ಸೆಂ.ಮೀ.ಗಿಂತ ಜಾಸ್ತಿ ಹಿಂದೆ ತರುತ್ತದೆ. ತಿರುಗುವಾಗ ಮೊಣಕಾಲಿಗೆ ತಾಗಬಹುದು, ಎದ್ದು ನಿಂತು ತುಳಿಯಲು ಇಕ್ಕಟ್ಟು. ಹಾಗಾದರೆ ಸ್ಟೆಮ್ ಉದ್ದದ್ದು ಹಾಕಿ ಸರಿದೂಗಿಸಬೇಕು. ಕೇಬಲ್ಲೂ ಗಿಡ್ಡ ಆಗಬಹುದು. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ನೋಡಿ, ಎಲ್ಲಿಯೂ ಕೇಬಲ್ ಎಳೆಯಬಾರದು, ಬ್ರೇಕ್ ತಾನಾಗಿ ಹಿಡಿಯಬಾರದು.

ಕೆಂಗೇರಿ_ಸವಾರ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡ ಆಗಿದ್ದಕ್ಕೆ ಕ್ಷಮಿಸಿ. ಪೂರ್ತಿ ಗೊತ್ತಾದ ಮೇಲೇ ಹೇಳೋಣ ಅಂತ ಕಾಯುತ್ತಿದ್ದೆ.

30 ಡಿಗ್ರಿ ಬಾಗಿದ, 620 ಮಿ.ಮೀ. ಅಗಲದ ಅಲ್ಯೂಮಿನಿಯಂ ಹ್ಯಾಂಡಲ್ ಹಾಕಿದೆ. ನಡುಭಾಗ 25.4 ಇತ್ತು, ಶಿಮ್ ಹಾಕಿದೆವು. ತುರಹಳ್ಳಿಯವರು ಹೇಳಿದ ಹಾಗೇ ಹಿಂದಿನ ಗೇರಿನ ಕೇಬಲ್ ಗಿಡ್ಡ ಆಯಿತು, ಹೊರಗಿನ ಕವರ್ ಸಮೇತ ಹೊಸದು ಹಾಕಬೇಕಾಯಿತು. ಸ್ಟೆಮ್ಮಿನ ನಾಲ್ಕು ಬೋಲ್ಟನ್ನು ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಸ್ಟೆಮ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿತ್ತು, ಗೆಳೆಯನ ಹತ್ತಿರ ಎಷ್ಟು ಬಿಗಿ ಆಯಿತು ಅಂತ ತಿಳಿಸುವ ಟಾರ್ಕ್ ಪಾನ ಇತ್ತು. ಹ್ಯಾಂಡಲ್, ಶಿಮ್, ಕೇಬಲ್, ರೆಕ್ಕೆ ಇರುವ ಲಾಕ್ ಗ್ರಿಪ್ ಎಲ್ಲಾ ಸೇರಿ 2,850 ರೂಪಾಯಿ ಆಯಿತು.

ಮೊದಲ ನಾಲ್ಕು ದಿನ ಸೈಕಲ್ ಬೇರೆ ಯಾರದೋ ಅನ್ನಿಸಿತು. ತಿರುಗಿಸುವಾಗ ತಳ್ಳುಗಾಡಿ ಹಿಡಿದ ಹಾಗೆ ಇತ್ತು. ಫ್ಲೈಓವರ್ ಏರಿನಲ್ಲಿ ಎದ್ದು ತುಳಿಯಲು ಹೋದಾಗ ಮೊಣಕಾಲು ಗ್ರಿಪ್ಪಿಗೆ ತಾಗಿತು. 80 ಮಿ.ಮೀ. ಸ್ಟೆಮ್ ತೆಗೆದು ಗೆಳೆಯನ ಹಳೇ 100 ಮಿ.ಮೀ. ಸ್ಟೆಮ್ ಹಾಕಿದ ಮೇಲೆ ಅದು ನಿಂತಿತು. ಐದನೇ ದಿನದಿಂದ ಕೈ ಎಲ್ಲಿದೆ ಅನ್ನುವುದೇ ನೆನಪಿರಲಿಲ್ಲ. ಈಗ ಆರು ವಾರ ಆಯಿತು, ಒಂದು ದಿನವೂ ಜೋಮು ಬಂದಿಲ್ಲ. ಕಳೆದ ಭಾನುವಾರ ರಾಮನಗರಕ್ಕೆ ಹೋಗಿ ಬಂದೆ. 60 ಕಿ.ಮೀ.ಗೂ ಸ್ವಲ್ಪ ಜಾಸ್ತಿ ಆಯಿತು. ತಟ್ಟೆ ಇಡ್ಲಿ ತಿನ್ನುವಾಗ ಕಿರುಬೆರಳಿಗೆ ಸಾಂಬಾರಿನ ಬಿಸಿ ಗೊತ್ತಾಯಿತು, ಅಷ್ಟು ಖುಷಿ ಆಯಿತು.

ಮನೆಯಲ್ಲಿ ಸ್ಕೂಟರ್ ಮಾತು ನಿಂತಿದೆ.

ಹಳೇ_ಹರ್ಕ್ಯುಲಿಸ್

ಬಹಳ ಸಂತೋಷ ಆಯಿತಪ್ಪ. ನಿನ್ನ ಹಳೇ ಫ್ಲ್ಯಾಟ್ ಹ್ಯಾಂಡಲ್ ಏನು ಮಾಡಿದೆ? ಮೊಮ್ಮಗನ ಸೈಕಲಿನದು ಬಿದ್ದು ಬೆಂಡಾಗಿದೆ. ಕೋಲಾರದವರು ಬರೆದದ್ದು ಓದಿದ ಮೇಲೆ ನೆಟ್ಟಗೆ ಮಾಡಿಸಲು ಧೈರ್ಯ ಇಲ್ಲ.

ಕೆಂಗೇರಿ_ಸವಾರ

ಇಲ್ಲೇ ಇದೆ ಸರ್, ಒಂದು ಸಲವೂ ಬಿದ್ದಿಲ್ಲ. 31.8ರದ್ದು, 640 ಅಗಲ. ಮೊಮ್ಮಗನ ಸ್ಟೆಮ್ ಅಳತೆ ನೋಡಿ ಹೇಳಿ, ಅದು ಸರಿ ಹೊಂದಿದರೆ ಮುಂದಿನ ವಾರ ತುಮಕೂರಿಗೆ ಬರುವುದಿದೆ, ತಂದು ಕೊಡುತ್ತೇನೆ. ಅಗಲ ಜಾಸ್ತಿ ಆದರೆ ಕತ್ತರಿಸುವ ಮುಂಚೆ ಶಿವಮೊಗ್ಗದವರು ಹೇಳಿದ ಹಾಗೆ ಗ್ರಿಪ್ ಒಳಗೆ ಸರಿಸಿ ನಾಲ್ಕು ದಿನ ಓಡಿಸಲಿ.

ಹಳೇ_ಹರ್ಕ್ಯುಲಿಸ್

ಸ್ಟೆಮ್ ಮೇಲೆ 31.8 ಅಂತಲೇ ಇದೆ. ಬರುವ ಹಿಂದಿನ ದಿನ ಇಲ್ಲಿ ಬರೆ, ನಾನೇ ತುಮಕೂರಿಗೆ ಬಂದು ತಗೊಳ್ಳುತ್ತೇನೆ.